ನಿಮಗೇನಾದರೂ ಬೇಕೇ?

ಕೆಲವು ವರ್ಷಗಳ ಹಿಂದೆ, ಚಳಿಗಾಲ ಆರಂಭವಾಗುತ್ತಿದ್ದ ಒಂದು ಸಂಜೆ, ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದ ಕುಟುಂಬವೊಂದರ ಮನೆಗೆ ಎರಡು ದೊಡ್ಡ ಚೀಲಗಳನ್ನು ಹೊತ್ತುಕೊಂಡು ಹೋಗಿದ್ದೆ. ನೆರೆಹೊರೆಯ ಏಳೆಂಟು ಮಂದಿ ಸೇರಿ ಆ ಕುಟುಂಬ ನೆಲೆಯೂರುವವರೆಗೆ ಜೊತೆಗಿರುವುದೆಂದು ಒಪ್ಪಿಕೊಂಡು ಕೆಲಸ ಹಂಚಿಕೊಂಡಿದ್ದೆವು. ಬೆಚ್ಚನೆಯ ಬಟ್ಟೆ ಹೊಂದಿಸುವುದು ನನ್ನ ಪಾಲಿಗೆ ಬಂದಿತ್ತು. ಆ ಮನೆಯಲ್ಲಿ ಆಗ ಇದ್ದದ್ದು ಒಂದೇ ಕುರ್ಚಿ. ಮನೆಯೊಡತಿ ಅದನ್ನು ಅಂಗೈಯಿಂದ ಒರೆಸಿ ನನ್ನ ಮುಂದಿಟ್ಟು, ತಾವು ನೆಲದ ಮೇಲೆ ಕುಳಿತು ಚೀಲ ಬಿಚ್ಚಿದರು. ಒಂದೊಂದೇ ಬಟ್ಟೆಯನ್ನು ತೆಗೆದು, ಮಡಿಸಿ, ಅಳತೆಯ ಪ್ರಕಾರ ಬೇರೆ ಬೇರೆ ಸಾಲು ಮಾಡಿದರು. ಮಕ್ಕಳ ಕೋಟೊಂದನ್ನು ಒಳಮಗ್ಗುಲಿಗೆ ತಿರುಗಿಸಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳನ್ನು ಎಳೆದು, ಒಂದು ಕಡೆ ತಡೆದು ನೋಡಿ, ಮತ್ತೆ ಸರಿಮಾಡಿ ಇಟ್ಟರು. ಎಲ್ಲ ಮುಗಿದ ಮೇಲೆ ಹನ್ನೊಂದು ವರ್ಷದ ಮಗನನ್ನು ಕರೆದು ಏನೋ ಹೇಳಿದರು. ಹುಡುಗ ನನ್ನ ಕಡೆ ತಿರುಗಿ, “ಅಮ್ಮ ಕೇಳ್ತಿದ್ದಾರೆ, ನಿಮಗೇನಾದರೂ ಬೇಕೇ?” ಎಂದ. ನಾನು ನಕ್ಕು, “ಏನೂ ಬೇಡ, ಏನೂ ಬೇಡ” ಎಂದೆ.

ಎರಡು ಸಲ ಹೇಳಿದೆನೆಂಬುದು ಈಗಲೂ ನೆನಪಿದೆ. ಆಗ ಅದು ಸೌಜನ್ಯದ ಮಾತೆಂದೇ ತಿಳಿದಿದ್ದೆ. ಏನೂ ಇಲ್ಲದವರಿಂದ ಏನನ್ನು ತೆಗೆದುಕೊಳ್ಳುವುದು ಎಂಬುದು ಒಳಗಿನ ಲೆಕ್ಕ. ಆ ಲೆಕ್ಕದಲ್ಲೇ ಏನೋ ತಪ್ಪಿತ್ತು ಎಂಬ ಅನುಮಾನ ಮನೆ ತಲುಪುವಷ್ಟರಲ್ಲಿ ಶುರುವಾಗಿ, ಇಂದಿಗೂ ಬಿಟ್ಟಿಲ್ಲ. ಆಕೆ ಕೇಳಿದ್ದು ಉಪಚಾರದ ಮಾತಾಗಿರಲಿಲ್ಲವೆಂದು ನನಗೆ ಗೊತ್ತಾಗಲು ಮುಂದೆ ನಾಲ್ಕೈದು ತಿಂಗಳು ಬೇಕಾದವು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಂದ ದಿನ, ಆಮೇಲಿನ ದಿನಗಳು

ನಿರಾಶ್ರಿತರನ್ನು ಬರಮಾಡಿಕೊಳ್ಳುವುದೆಂದರೆ ನಮ್ಮ ಕಣ್ಣ ಮುಂದೆ ಬರುವುದು ಆಗಮನದ ಚಿತ್ರಗಳೇ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಗಡಿಗೆ ಹತ್ತಿರವಿರುವ ಪೋಲೆಂಡಿನ ಪ್ಶೆಮಿಶ್ಲ್ ರೈಲು ನಿಲ್ದಾಣದಲ್ಲಿ, ಕೂಸುಗಳನ್ನು ಎತ್ತಿಕೊಂಡು ಇಳಿಯುವ ತಾಯಂದಿರಿಗಾಗಿ ಅಲ್ಲಿನವರು ಮಕ್ಕಳ ತಳ್ಳುಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಹೋಗಿದ್ದರು. ಆ ಚಿತ್ರವನ್ನು ಅನೇಕರು ನೋಡಿರಬಹುದು. ಅದರಲ್ಲಿ ನನಗೆ ಇಷ್ಟವಾದದ್ದು, ಕೊಟ್ಟವರು ಯಾರೂ ಅಲ್ಲಿ ಕಾಣದಿರುವುದು. ಗಾಡಿಯನ್ನು ತಂದವರು ಅದನ್ನು ಬಿಟ್ಟು ಹೋಗಿದ್ದಾರೆ. ಧನ್ಯವಾದ ಹೇಳಿಸಿಕೊಳ್ಳಲು ನಿಂತಿಲ್ಲ. ರೈಲಿನಿಂದ ಇಳಿದ ಹೆಂಗಸಿಗೆ ಆ ಕ್ಷಣ ಏನು ಬೇಕೆಂಬುದನ್ನು, ಮಗುವನ್ನು ಎತ್ತಿ ಎತ್ತಿ ತೋಳು ಸೋತ ಅನುಭವವಿದ್ದ ಯಾರೋ ಊಹಿಸಿದ್ದಾರೆ.

ಆದರೆ ಹಾಗೆ ಊಹಿಸಬಹುದಾದದ್ದು ಮೊದಲ ದಿನದ ಅಗತ್ಯಗಳನ್ನು ಮಾತ್ರ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ಮನೆ ಬಿಟ್ಟವರು 12.3 ಕೋಟಿಗೂ ಹೆಚ್ಚು. ಅವರಲ್ಲಿ ದೇಶದ ಗಡಿ ದಾಟಿ ನಿರಾಶ್ರಿತರಾದವರು ಸುಮಾರು 4.27 ಕೋಟಿ. ಒಂದೇ ದೇಶದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಇನ್ನೊಂದು ದೇಶದಲ್ಲಿ ಸತತ ಐದು ವರ್ಷಕ್ಕೂ ಮೀರಿ ನಿರಾಶ್ರಿತರಾಗಿಯೇ ಉಳಿದರೆ ಅದನ್ನು ದೀರ್ಘಕಾಲದ ಪರಿಸ್ಥಿತಿಯೆಂದು ಆ ಕಚೇರಿ ಪರಿಗಣಿಸುತ್ತದೆ, ಮತ್ತು ಇಂದಿನ ನಿರಾಶ್ರಿತರಲ್ಲಿ ಹೆಚ್ಚಿನವರು ಇರುವುದು ಇಂಥ ಪರಿಸ್ಥಿತಿಯಲ್ಲೇ. ಕೆನ್ಯಾದ ದದಾಬ್ ಶಿಬಿರಗಳು ಶುರುವಾದದ್ದು 1991ರಲ್ಲಿ. ಅಲ್ಲೇ ಹುಟ್ಟಿದ ಮಕ್ಕಳು ಈಗ ತಂದೆತಾಯಿಗಳಾಗಿದ್ದಾರೆ. ಅಂದರೆ ನಾವು ಒಂದು ವಾರದ ಉತ್ಸಾಹದಲ್ಲಿ ಎದುರುಗೊಳ್ಳುವ ಈ ಸಂಗತಿ, ಅದನ್ನು ಬಾಳುವವರಿಗೆ ಎಷ್ಟೋ ಸಲ ಆಯುಷ್ಯದ ಅರ್ಧ ಭಾಗ.

ನಮ್ಮ ಗುಂಪಿನಲ್ಲೂ ಇದೇ ಆಯಿತು. ಮೊದಲ ವಾರ ಬಾಗಿಲು ಬಡಿಯುವವರು ಎಷ್ಟಿದ್ದರೆಂದರೆ ಆ ಮನೆಯವರಿಗೆ ನಿದ್ದೆಗೂ ಬಿಡುವಿರಲಿಲ್ಲ. ಮೂರನೇ ತಿಂಗಳಿಗೆ ಬರುವವರು ಮೂವರಾದರು. ದೂರುತ್ತಿಲ್ಲ, ಎಲ್ಲರಿಗೂ ಅವರವರ ಸಂಸಾರವಿದೆ. ಆದರೆ ಮೊದಲ ವಾರ ಅವರಿಗೆ ಬೇಕಾಗಿದ್ದದ್ದು ಹಾಸಿಗೆ, ಬೀಗದ ಕೈ ಮತ್ತು ಮೌನ. ಮೂರನೇ ತಿಂಗಳಲ್ಲಿ ಬೇಕಾಗಿದ್ದದ್ದು ಮನುಷ್ಯರು. ಭಾಷೆಯ ತರಗತಿ ಕಷ್ಟವೆನಿಸುವುದು, ಹಿಂದಿನ ಊರಿನಿಂದ ಕೆಟ್ಟ ಸುದ್ದಿ ಬರುವುದು, ಅರ್ಜಿಗೆ ಉತ್ತರ ಬಾರದೆ ದಿನಗಳು ಒಂದರ ಮೇಲೊಂದು ಬೀಳುವುದು, ಎಲ್ಲ ಆಗಲೇ. ಕೆನಡಾದಲ್ಲಿ 1970ರ ದಶಕದ ಕೊನೆಯಿಂದಲೂ ಸಾಮಾನ್ಯ ನಾಗರಿಕರು ಗುಂಪುಗೂಡಿ ನಿರಾಶ್ರಿತ ಕುಟುಂಬಗಳ ಹೊಣೆ ಹೊರುವ ವ್ಯವಸ್ಥೆಯಿದೆ. ಐದು ಜನ ಸೇರಿದರೂ ಒಂದು ಗುಂಪಾಗಬಹುದಿತ್ತು. 1979 ಮತ್ತು 1980ರಲ್ಲಿ ಇಂಡೋಚೀನಾದಿಂದ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ) ಆ ದೇಶಕ್ಕೆ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಬರಮಾಡಿಕೊಂಡದ್ದು ಇಂಥ ಗುಂಪುಗಳು, ಪ್ರಾರ್ಥನಾಲಯಗಳು ಮತ್ತು ಸಂಘಗಳು. ಅಲ್ಲಿ ಹೊಣೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಹಾಗಾಗಿ ಅಲ್ಲಿ ಈ ಕೆಲಸದಲ್ಲಿರುವವರ ಮಾತಿನಲ್ಲಿ ‘ಹದಿಮೂರನೇ ತಿಂಗಳು’ ಎಂಬುದೊಂದು ಪ್ರಯೋಗವೇ ಇದೆ. ಒಪ್ಪಂದ ಮುಗಿದು, ಹಣದ ನೆರವು ನಿಂತು, ಫೋನ್ ಮಾಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲದಿರುವ ಮೊದಲ ತಿಂಗಳು ಅದು. ಆ ತಿಂಗಳಲ್ಲೂ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದರ ಮೇಲೆ ಹಿಂದಿನ ಹನ್ನೆರಡು ತಿಂಗಳಲ್ಲಿ ನಡೆದದ್ದೇನೆಂದು ಗೊತ್ತಾಗುತ್ತದೆ.

ಜನವರಿ ಒಂದು

ನಿರಾಶ್ರಿತರ ಹೊಸ ಬದುಕು ನಡೆಯುವುದು ಕಾಗದಗಳ ಮೇಲೆ. ಇದನ್ನು ನಾನು ಮೊದಲು ಅರಿತಿರಲಿಲ್ಲ. ಶಾಲೆಗೆ ವಿಳಾಸದ ದಾಖಲೆ ಬೇಕು, ವಿಳಾಸಕ್ಕೆ ಬಾಡಿಗೆ ಕರಾರು ಬೇಕು, ಕರಾರಿಗೆ ಸಂಬಳದ ಚೀಟಿ ಬೇಕು, ಸಂಬಳಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಮತ್ತೆ ವಿಳಾಸದ ದಾಖಲೆ ಬೇಕು. ಈ ಚಕ್ರದಲ್ಲಿ ಎಲ್ಲೋ ಒಂದು ಕಡೆ, ಅಲ್ಲೇ ಬಹುಕಾಲದಿಂದ ಇರುವ ಒಬ್ಬರು “ಇವರನ್ನು ನಾನು ಬಲ್ಲೆ” ಎಂದು ಸಹಿ ಹಾಕಿದರೆ ಮಾತ್ರ ಅದು ತಿರುಗಲು ಶುರುವಾಗುತ್ತದೆ. ಮೊದಲ ಮಹಾಯುದ್ಧದ ನಂತರ ದೇಶವನ್ನೇ ಕಳೆದುಕೊಂಡ ಲಕ್ಷಾಂತರ ಜನರಿಗಾಗಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1922ರಲ್ಲಿ ಒಂದು ಗುರುತಿನ ಪತ್ರವನ್ನು ಜಾರಿಗೆ ತಂದಾಗ ಅವರು ಕೊಟ್ಟದ್ದು ಅನ್ನವನ್ನೂ ಅಲ್ಲ, ಡೇರೆಯನ್ನೂ ಅಲ್ಲ, ಒಂದು ಹಾಳೆಯನ್ನು. ನಾನ್ಸೆನ್ ಪಾಸ್‌ಪೋರ್ಟ್ ಎಂದು ಹೆಸರಾದ ಆ ಹಾಳೆಯನ್ನು ಐವತ್ತಕ್ಕೂ ಹೆಚ್ಚು ಸರ್ಕಾರಗಳು ಮಾನ್ಯ ಮಾಡಿದವು. ಮುಂದೆ 1951ರ ನಿರಾಶ್ರಿತರ ಒಡಂಬಡಿಕೆಯಲ್ಲಿ ಜನರು ಸಾಮಾನ್ಯವಾಗಿ ನೆನೆಯುವುದು 33ನೇ ವಿಧಿಯನ್ನು: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ಯಾರನ್ನೂ ಹಿಂದಕ್ಕೆ ತಳ್ಳಬಾರದು ಎಂಬುದು. ಆದರೆ ಅದೇ ಒಡಂಬಡಿಕೆಯಲ್ಲಿ 27ನೇ ವಿಧಿ ಗುರುತಿನ ಪತ್ರದ ಬಗ್ಗೆ, 22ನೆಯದು ಶಾಲೆಯ ಬಗ್ಗೆ, 17ನೆಯದು ಸಂಬಳದ ಕೆಲಸದ ಬಗ್ಗೆ ಮಾತಾಡುತ್ತವೆ. ಅದನ್ನು ಬರೆದವರಿಗೆ ನಿತ್ಯದ ಬದುಕಿನ ತೊಡಕುಗಳು ಗೊತ್ತಿದ್ದವು.

ಆ ಕುಟುಂಬದ ಕಾಗದಗಳಲ್ಲಿ ತಾಯಿಯ ಹುಟ್ಟಿದ ದಿನ ಜನವರಿ 1, ಅವರ ಮಾವನವರದ್ದೂ ಜನವರಿ 1. ಜನನದ ದಾಖಲೆ ಇಲ್ಲದಿದ್ದಾಗ ಅಥವಾ ದಾರಿಯಲ್ಲಿ ಕಳೆದುಹೋದಾಗ ನೋಂದಣಿ ಮಾಡುವವರು ವರ್ಷವನ್ನು ಅಂದಾಜಿಸಿ ಮೊದಲ ದಿನವನ್ನು ಬರೆದುಬಿಡುತ್ತಾರೆ. ಜಗತ್ತಿನ ನಿರಾಶ್ರಿತರಲ್ಲಿ ಹೀಗೆ ಹೊಸ ವರ್ಷದ ದಿನವೇ ‘ಹುಟ್ಟಿದವರು’ ಬಹಳ ಮಂದಿ. ನಮ್ಮ ಗುಂಪಿನ ಹಿರಿಯರೊಬ್ಬರು ಇದು ತಿಳಿಯದೆ, ಜನವರಿ ಒಂದರ ಬೆಳಿಗ್ಗೆ ಇಬ್ಬರಿಗೂ ಹುಟ್ಟುಹಬ್ಬದ ಶುಭಾಶಯ ಹೇಳಲು ಹೂಗುಚ್ಛ ಹಿಡಿದು ಹೋಗಿಬಿಟ್ಟರು. ಆ ಮನೆಯವರು ಅದನ್ನು ಹೊಸ ವರ್ಷದ ಹೂವೆಂದು ತಿಳಿದು ಸಂತೋಷದಿಂದ ಸ್ವೀಕರಿಸಿದರಂತೆ. ನಿಜವಾದ ಹುಟ್ಟಿದ ದಿನ ಯಾವುದೆಂದು ಕೇಳಬೇಕೆಂದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆಕೆಗೆ ದಿನಾಂಕ ಗೊತ್ತಿರಲಿಲ್ಲ. ಕೊಯ್ಲಿನ ವೇಳೆಗೆ, ಮಳೆ ಬಂದ ರಾತ್ರಿ ಎಂದು ಗೊತ್ತಿತ್ತು.

ಅದೇ ತಿಂಗಳು ಆಕೆಯನ್ನು ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ತಲೆನೋವು ಬಿಡುತ್ತಿರಲಿಲ್ಲ. ಮಗನನ್ನು ಶಾಲೆ ಬಿಡಿಸಿ ಜೊತೆಗೆ ಕರೆದುಕೊಂಡಿದ್ದೆವು, ಮಾತು ದಾಟಿಸಲು. ವೈದ್ಯರು ಒಳ್ಳೆಯವರು, ತಾಳ್ಮೆಯವರು. “ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳು” ಎಂದರು. ಹುಡುಗ ಕೇಳಿದ. ಆಕೆ ಮೊದಲು ಸುಮ್ಮನಿದ್ದರು. ಆಮೇಲೆ ಮೇಜಿನ ಅಂಚನ್ನು ನೋಡುತ್ತಾ ಮಾತಾಡತೊಡಗಿದರು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಎರಡು ನಿಮಿಷವಾದರೂ ಆಗಿರಬೇಕು. ನಡುವೆ ಮೂರು ಸಲ ಒಂದೇ ಹೆಸರು ಬಂತು, ಅದು ಹುಡುಗನ ಹೆಸರಲ್ಲ. ಅವನು ತನ್ನ ಬೂಟಿನ ಲೇಸನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕುಳಿತಿದ್ದ. ಆಕೆ ನಿಲ್ಲಿಸಿದ ಮೇಲೆ ವೈದ್ಯರು ಅವನ ಕಡೆ ನೋಡಿದರು. “ನಿದ್ದೆ ಬರುತ್ತಂತೆ” ಎಂದ.

ಅವನು ಸುಳ್ಳು ಹೇಳಿದನೆಂದು ನಾನು ಅನ್ನಲಾರೆ. ಹನ್ನೊಂದು ವರ್ಷದವನಿಗೆ ಆ ಎರಡು ನಿಮಿಷವನ್ನು ಹೊತ್ತು ಇನ್ನೊಂದು ಭಾಷೆಯ ದಡಕ್ಕೆ ಇಳಿಸು ಎಂದದ್ದು ನಮ್ಮ ತಪ್ಪು. ಮಕ್ಕಳು ಹೊಸ ಭಾಷೆಯನ್ನು ಬೇಗ ಕಲಿಯುತ್ತಾರೆಂಬ ಒಂದೇ ಕಾರಣಕ್ಕೆ ಅವರನ್ನು ಆಸ್ಪತ್ರೆಗೆ, ವಕೀಲರ ಬಳಿಗೆ, ಬಾಡಿಗೆಯ ಜಗಳಕ್ಕೆ ನಿಲ್ಲಿಸುವುದು ಎಲ್ಲೆಡೆ ನಡೆಯುತ್ತದೆ. ಅದರಿಂದ ಚಿಕಿತ್ಸೆ ತಪ್ಪುವುದು ಒಂದು. ಮನೆಯೊಳಗೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ತಲೆಕೆಳಗಾಗುವುದು ಇನ್ನೊಂದು. ಆ ಚಿಕಿತ್ಸಾಲಯದಲ್ಲಿ ಫೋನಿನ ಮೂಲಕ ದುಭಾಷಿಯನ್ನು ಒದಗಿಸುವ ವ್ಯವಸ್ಥೆ ಇತ್ತು, ಕೇಳಿದರೆ ಸಿಗುತ್ತಿತ್ತು. ಕೇಳಬಹುದೆಂದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಾಗಿತ್ತು. ಮುಂದಿನ ಸಲ ಸಮಯ ಗೊತ್ತುಮಾಡುವಾಗಲೇ ಕೇಳಿದೆ, ಹುಡುಗ ಶಾಲೆಯಲ್ಲೇ ಉಳಿದ. ನಾನು ಈ ವರ್ಷಗಳಲ್ಲಿ ಮಾಡಿದ ಒಳ್ಳೆಯ ಕೆಲಸವೆಂದು ಯಾವುದನ್ನಾದರೂ ತೋರಿಸಬಹುದಾದರೆ ಅದು ಆ ಒಂದು ಫೋನ್ ಕರೆ. ಚೀಲಗಟ್ಟಲೆ ಬಟ್ಟೆ ಅದರ ಮುಂದೆ ಏನೂ ಅಲ್ಲ.

ಕೇಳದೆ ಇರುವುದು

ಆ ಎರಡು ನಿಮಿಷದಲ್ಲಿ ಆಕೆ ಏನು ಹೇಳಿದರೆಂದು ನಾನು ಇವತ್ತಿಗೂ ಕೇಳಿಲ್ಲ. ಕುತೂಹಲವಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆಶ್ರಯ ಕೋರಿ ಬಂದವರು ತಮ್ಮ ಕತೆಯನ್ನು ಈಗಾಗಲೇ ಎಷ್ಟು ಸಲ ಹೇಳಿರುತ್ತಾರೆಂದು ಯೋಚಿಸಬೇಕು. ಗಡಿಯಲ್ಲಿ ಒಮ್ಮೆ, ನೋಂದಣಿಯಲ್ಲಿ ಒಮ್ಮೆ, ಸಂದರ್ಶನದಲ್ಲಿ ಗಂಟೆಗಟ್ಟಲೆ, ವಕೀಲರಿಗೆ ಮತ್ತೊಮ್ಮೆ. ಒಂದು ತಾರೀಖು ಹೆಚ್ಚುಕಡಿಮೆಯಾದರೂ ನಂಬಿಕೆ ಹೋಗುವ ಭಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಕಾರ್ಯಕರ್ತರಿಗೆ ಕೊಟ್ಟ ಎಚ್ಚರಿಕೆಗಳಲ್ಲಿ ಒಂದು ಇದು: ನಡೆದದ್ದನ್ನು ಹೇಳುವಂತೆ ಯಾರನ್ನೂ ಒತ್ತಾಯಿಸಬೇಡಿ. ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು ಎಂಬ ಮೂರು ಹೆಜ್ಜೆಗಳನ್ನು ಅದು ಹೇಳುತ್ತದೆ. ಕೆದಕುವುದು ಅವುಗಳಲ್ಲಿ ಇಲ್ಲ. ಮಕ್ಕಳ ಶಾಲೆಯ ಬಗ್ಗೆ, ಬಸ್ಸು ತಡವಾದದ್ದರ ಬಗ್ಗೆ, ಮೇಲಂತಸ್ತಿನವರ ಗದ್ದಲದ ಬಗ್ಗೆ ಮಾತಾಡುವ ನೆರೆಯವರು ಆಕೆಗೆ ಎಂಥ ಬಿಡುವು ಎಂಬುದನ್ನು ನಾನು ನಿಧಾನವಾಗಿ ಕಂಡುಕೊಂಡೆ. ಆ ಹೊತ್ತಿನಲ್ಲಿ ಆಕೆ ನಿರಾಶ್ರಿತೆಯಾಗಿರಲಿಲ್ಲ, ಮೇಲಂತಸ್ತಿನವರ ಗದ್ದಲದಿಂದ ರೋಸಿಹೋದ ಒಬ್ಬ ಹೆಂಗಸಾಗಿದ್ದರು.

ಫೋಟೊಗಳದ್ದೂ ಇದೇ ಕತೆ. ಸ್ವಾಗತದ ದಿನ ತೆಗೆದ ಚಿತ್ರವನ್ನು ನಮ್ಮವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಜಾಲತಾಣದಲ್ಲಿ ಹಾಕಿದ್ದರು. ಹಿಂದೆ ಉಳಿದ ತಮ್ಮನಿಗೆ ಅದರಿಂದ ತೊಂದರೆಯಾಗಬಹುದೆಂದು ಆಕೆ ಅಂಜಿದ್ದು ನಮಗೆ ತಿಳಿದದ್ದು ಹುಡುಗನ ಮೂಲಕ, ವಾರದ ನಂತರ. ತಕ್ಷಣ ತೆಗೆಸಿದೆವು. ಯಾರ ಮುಖ ಎಲ್ಲಿ ಕಾಣಬಾರದು ಎಂಬುದನ್ನು ಆ ಮುಖದವರೇ ಹೇಳಬೇಕು, ಮತ್ತು ಹೇಳಲು ಅವರಿಗೆ ಅವಕಾಶವಾಗುವಂತೆ ಮೊದಲೇ ಕೇಳಬೇಕು. ಉಪಕಾರ ಪಡೆದವರು ಉಪಕಾರಿಗೆ ಬೇಡವೆನ್ನುವುದು ಎಷ್ಟು ಕಷ್ಟ ಎಂಬುದು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ.

ಕೊಡುವ ಕೈ, ಪಡೆಯುವ ಕೈ

ಪರಿಹಾರ ಕಾರ್ಯದಲ್ಲಿ ಪಳಗಿದವರು, ಯಾರೂ ಕೇಳದೆ ಬಂದು ಬೀಳುವ ಸಾಮಾನಿನ ರಾಶಿಯನ್ನು ‘ಎರಡನೇ ವಿಪತ್ತು’ ಎಂದು ಕರೆಯುತ್ತಾರೆ. ಅದನ್ನು ಬಿಚ್ಚಲು, ವಿಂಗಡಿಸಲು, ಇಡಲು, ಕೊನೆಗೆ ಎಸೆಯಲು ತಗಲುವ ಕೈಗಳು ಬೇರೆ ಕೆಲಸಕ್ಕೆ ಸಿಗುವುದಿಲ್ಲ. ನನ್ನ ಎರಡು ಚೀಲಗಳಲ್ಲಿ ಅರ್ಧದಷ್ಟು ಬಟ್ಟೆ ಆ ಮನೆಯವರ ಅಳತೆಯದ್ದಾಗಿರಲಿಲ್ಲ. ಆಕೆ ಅಷ್ಟು ಜಾಗರೂಕತೆಯಿಂದ ಸಾಲು ಮಾಡಿದ್ದು ಯಾವುದನ್ನು ಯಾರಿಗೆ ದಾಟಿಸಬೇಕೆಂದು ಎಂಬುದು ನಂತರ ಗೊತ್ತಾಯಿತು. ಅಳತೆ ಕೇಳುವುದಕ್ಕೆ ನನಗೆ ಐದು ನಿಮಿಷ ಸಾಕಾಗುತ್ತಿತ್ತು. ಕೇಳಲಿಲ್ಲ, ಏಕೆಂದರೆ ಕೊಡುವುದರಲ್ಲಿ ನನಗೆ ಸಿಗುತ್ತಿದ್ದ ಸಮಾಧಾನಕ್ಕೆ ಅಳತೆಯ ಅಗತ್ಯವಿರಲಿಲ್ಲ. ಒಪ್ಪಿಕೊಳ್ಳಲು ಹಿತವಲ್ಲದಿದ್ದರೂ ನಿಜ.

ಇನ್ನೂ ಸೂಕ್ಷ್ಮವಾದದ್ದು ಹಿಡಿತದ ಪ್ರಶ್ನೆ. ಹಣ ಹೊಂದಿಸಿದವರಿಗೆ, ಅದು ಹೇಗೆ ಖರ್ಚಾಗಬೇಕೆಂದು ಹೇಳುವ ಅಧಿಕಾರವೂ ತಮ್ಮದೇ ಎಂಬ ಭ್ರಮೆ ಬಹಳ ಬೇಗ ಹತ್ತುತ್ತದೆ. ಆ ಕುಟುಂಬ ಮೊದಲ ಸಂಬಳದಲ್ಲಿ ದುಬಾರಿ ಫೋನ್ ಕೊಂಡಾಗ ನಮ್ಮ ಸಭೆಯಲ್ಲಿ ಗೊಣಗಾಟವೆದ್ದಿತು. ಊರಿನಲ್ಲಿ ಉಳಿದವರ ಮುಖ ನೋಡಲು, ಸುದ್ದಿ ತಿಳಿಯಲು, ಹೊಸ ಭಾಷೆ ತಿಳಿಯಲು, ದಾರಿ ಹುಡುಕಲು ಅವರಿಗಿದ್ದ ಸಾಧನ ಅದೊಂದೇ ಎಂದು ಒಬ್ಬರು ನೆನಪಿಸಿದ ಮೇಲೆ ಗೊಣಗಾಟ ನಿಂತಿತು. ನಿಜ ಹೇಳಬೇಕೆಂದರೆ, ಅಷ್ಟು ಸಮಜಾಯಿಷಿಯೂ ಬೇಕಿರಲಿಲ್ಲ. ಅವರ ದುಡಿಮೆಯ ಹಣ, ಅವರ ಫೋನ್.

ಬರಮಾಡಿಕೊಳ್ಳುವ ಕಡೆಯವರ ಅಸಮಾಧಾನವನ್ನು ಮಾತ್ರ ನಾನು ಸಣ್ಣ ಮನಸ್ಸೆಂದು ತಳ್ಳಿಹಾಕುವುದಿಲ್ಲ. ಜಗತ್ತಿನ ನಿರಾಶ್ರಿತರಲ್ಲಿ ನಾಲ್ವರಲ್ಲಿ ಸುಮಾರು ಮೂವರು ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅಲ್ಲಿ ಶಾಲೆಯ ಬೆಂಚು, ಆಸ್ಪತ್ರೆಯ ಹಾಸಿಗೆ ಮೊದಲೇ ಸಾಲದು. ಉಗಾಂಡದ 2006ರ ಕಾನೂನು ನಿರಾಶ್ರಿತರಿಗೆ ಕೆಲಸ ಮಾಡುವ, ಓಡಾಡುವ ಹಕ್ಕನ್ನು ಕೊಟ್ಟಿತು. ಅವರು ನೆಲೆಸುವ ಕಡೆ ಉಳುಮೆಗೆ ತುಂಡು ಭೂಮಿಯನ್ನು ಕೊಡುವ ಪದ್ಧತಿಯೂ ಅಲ್ಲಿದೆ. ಇದರ ಜೊತೆಗೆ, ಅವರಿಗಾಗಿ ಬರುವ ನೆರವಿನಲ್ಲಿ ಒಂದು ಪಾಲು ಸುತ್ತಲಿನ ಹಳ್ಳಿಯವರಿಗೂ ಸಲ್ಲಬೇಕೆಂಬ ನಿಯಮ ಮಾಡಿಕೊಂಡರು. ಹೊಸಬರಿಗಾಗಿ ತೋಡಿದ ಬಾವಿಯಿಂದ ಹಳಬರೂ ನೀರು ಸೇದುವಂತಾದರೆ ಹೊಸಬರ ಬಗ್ಗೆ ಆಡುವ ಮಾತೇ ಬೇರೆಯಾಗುತ್ತದೆ. ನೆರವಿಗೆ ಬರುವ ಹಣ ಕುಗ್ಗಿದಾಗಲೆಲ್ಲ ಆ ಏರ್ಪಾಡೂ ನಡುಗುತ್ತದೆ, ಅದೂ ನಿಜ. ಆದರೆ ಯೋಚನೆ ಸರಿಯಾದದ್ದು: ಎರಡೂ ಕಡೆಯವರಿಗೆ ಏನಾದರೂ ದಕ್ಕಬೇಕು.

ಜಿಪ್

ಈಗ ಮೊದಲಿನ ಮಾತಿಗೆ ಬರುತ್ತೇನೆ. ಚಳಿ ಮುಗಿಯುತ್ತಿದ್ದ ದಿನಗಳಲ್ಲಿ ಆಕೆಗೆ ಭಾಷೆ ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಒಮ್ಮೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ತಮ್ಮ ಊರಿನಲ್ಲಿ ಹದಿನಾಲ್ಕು ವರ್ಷ ಹೊಲಿಗೆ ಅಂಗಡಿ ನಡೆಸಿದ್ದಾಗಿ ಹೇಳಿದರು. ನಾಲ್ಕು ಯಂತ್ರಗಳು, ಮೂವರು ಕೆಲಸದವರು. ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿದರು. ನಾನು ಇಡೀ ಚಳಿಗಾಲ ತೊಟ್ಟಿದ್ದ ಕೋಟಿನ ಜಿಪ್ ಅರ್ಧಕ್ಕೆ ಕಿತ್ತುಹೋಗಿ, ಮೇಲ್ಭಾಗವನ್ನು ಎರಡು ಪಿನ್ನುಗಳಿಂದ ಸೇರಿಸಿಕೊಂಡಿದ್ದೆ. “ಮೊದಲ ದಿನ ನೋಡಿದೆ. ಕೇಳಿದೆ. ನೀವು ಬೇಡ ಎಂದಿರಿ.”

ಆ ಕ್ಷಣದಲ್ಲಿ ಆದ ನಾಚಿಕೆ ಎಂಥದ್ದೆಂದು ಬರೆಯಲು ನನಗೆ ಬರುವುದಿಲ್ಲ. ಚೀಲ ಬಿಚ್ಚಿದಾಗ ಹೊಲಿಗೆಯ ಮೇಲೆ ಆಡಿದ ಆ ಹೆಬ್ಬೆರಳನ್ನು ನಾನು ನೋಡಿದ್ದೆ, ಆದರೆ ಅದು ಕಸುಬುದಾರರ ಹೆಬ್ಬೆರಳೆಂದು ಹೊಳೆದಿರಲಿಲ್ಲ. ನನ್ನ ಕಣ್ಣಿಗೆ ಆಕೆ ಬಟ್ಟೆ ಬೇಕಾಗಿದ್ದವರು, ಬಟ್ಟೆ ಬಲ್ಲವರಾಗಿರಲಿಲ್ಲ. ಅಂದೇ ಕೋಟನ್ನು ಬಿಚ್ಚಿ ಕೊಟ್ಟು, ನಡುಗುತ್ತಾ ಮನೆಗೆ ಹೋದೆ. ಒಂದು ಹಳೆಯ ಹೊಲಿಗೆ ಯಂತ್ರ ಎಲ್ಲಿಯಾದರೂ ಸಿಗುತ್ತದೆಯೇ ಎಂದು ಗುಂಪಿನಲ್ಲಿ ವಿಚಾರಿಸಿದಾಗ ಒಬ್ಬರ ಅಟ್ಟದಲ್ಲಿ ಸಿಕ್ಕಿತು. ಈ ಸಲ ಯಾವ ಬಗೆಯದು ಬೇಕೆಂದು ಆಕೆಯನ್ನೇ ಕೇಳಿ, ಆಕೆಯನ್ನೇ ಕರೆದುಕೊಂಡು ಹೋದೆವು. ಪೆಡಲನ್ನು ಎರಡು ಸಲ ಒತ್ತಿ ಸದ್ದು ಕೇಳಿ, ಎಣ್ಣೆ ಬೇಕು, ಬೇರೇನೂ ಇಲ್ಲ ಎಂದರು.

ಕೋಟು ಹತ್ತು ದಿನ ಬರಲಿಲ್ಲ. ಹನ್ನೊಂದನೇ ದಿನ ನಾನೇ ಫೋನ್ ಮಾಡಿ, ಮಂಗಳವಾರ ಆ ಕಡೆ ಬರುತ್ತೇನೆ, ತೆಗೆದುಕೊಂಡು ಹೋಗಲೇ ಎಂದೆ. ಹಿನ್ನೆಲೆಯಲ್ಲಿ ಯಂತ್ರದ ಸದ್ದು ನಿಂತಿತು.

“ಮಂಗಳವಾರ ಬೇಡ” ಎಂದರು. “ಬೇರೆಯವರ ಕೆಲಸ ಇದೆ. ಗುರುವಾರ ಬನ್ನಿ.”